ಮದುವೆಗೆ ಯಾರನ್ನು ಕರೆಯಬೇಕು?

(ಧನಕವಡಿಯ ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ವಿಷಯ ಸಣ್ಣದೆಂದು ತೋರಬಹುದು. ಆದರೆ ಲಗ್ನದ ದಿನಗಳು ಬಂದವೆಂದರೆ ಈ ವಾಚನಾಲಯದ ಮೇಜಿನ ಮೇಲೆ ವೃತ್ತಪತ್ರಿಕೆಗಿಂತ ಲಗ್ನಪತ್ರಿಕೆಗಳೇ ಹೆಚ್ಚು ಬೀಳುತ್ತವೆ. ಅವುಗಳ ಹಿಂದೆಯೇ "ನಮ್ಮನ್ನು ಕರೆಯಲಿಲ್ಲ" ಎಂಬ ಮಾತೂ ಬರುತ್ತದೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಗಿರಣಿಯ ಗುಮಾಸ್ತರಾದ ನಮ್ಮನ್ನು ಎಷ್ಟೋ ಮನೆಯವರು ಯಾದಿ ಬರೆಯಲು ಕೂರಿಸಿದ್ದಾರೆ. ಆ ಅನುಭವವನ್ನು ಬಿಟ್ಟರೆ ಈ ವಿಷಯದಲ್ಲಿ ನಮಗೆ ಬೇರೆ ಅಧಿಕಾರವಿಲ್ಲ.

ಊರಲ್ಲಿ ಯಾದಿ ಮಾಡುವುದು ಕಷ್ಟವಲ್ಲ. ಹಳೆಯ ಆಯೇರಿ ವಹಿಯನ್ನು ಕೆಳಗಿಳಿಸಿದರಾಯಿತು. ನಮ್ಮ ಮನೆಯ ಮದುವೆಗೆ ಯಾರು ಧೋತರ ಹಾಕಿದರು, ಯಾರು ಖಣ ಕೊಟ್ಟರು, ಯಾರು ಐದು ರೂಪಾಯಿ ಓದಿಸಿದರು, ಎಲ್ಲವೂ ಅದರಲ್ಲುಂಟು. ವಹಿಯಲ್ಲಿ ಹೆಸರಿದ್ದವರಿಗೆ ಕರೆ ಹೋಗುತ್ತದೆ, ಮುಯ್ಯಿ ತೀರುತ್ತದೆ. ಈ ಪದ್ಧತಿಯನ್ನು ನಾವು ಹಳಿಯುವುದಿಲ್ಲ. ಬಡವರ ಮನೆಯ ಮದುವೆಯನ್ನು ಊರೇ ಹೊತ್ತು ನಡೆಸಿದ್ದು ಈ ವಹಿಯ ಬಲದಿಂದಲೇ. ಆದರೆ ಸೊಲ್ಲಾಪುರ ದಾಟಿ ಇಲ್ಲಿಗೆ ಬಂದ ಮೇಲೆ ನಮಗಾದ ಉಪಕಾರವೊಂದೂ ಆ ವಹಿಗೆ ಏರಿಲ್ಲ.

ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ತಂಗಿಯ ಮದುವೆಗೆ ಮೂರು ವರ್ಷ ಮುಂಚೆ ತಂದೆಯವರನ್ನು ಇಲ್ಲಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಆಗ ಕಲಬುರ್ಗಿ ಕಡೆಯ ಗೌಂಡಿಯೊಬ್ಬರು, ನಮ್ಮ ಓಣಿಯವರು, ಮೂರು ರಾತ್ರಿ ಬಾಗಿಲ ಬಳಿ ಕೂತಿದ್ದರು. ಹಗಲು ಕೆಲಸಕ್ಕೆ ಹೋಗಲಾಗದೆ ಅವರ ಪಗಾರವೂ ಹೋಯಿತು. ಮದುವೆ ಊರಲ್ಲಾಯಿತು. ಯಾದಿಯನ್ನು ಕಾಕಾ ಹೇಳಿದರು, ನಾವು ಬರೆದೆವು. ಇನ್ನೂರಕ್ಕೂ ಹೆಚ್ಚು ಹೆಸರು. ಗೌಂಡಿಯವರ ಹೆಸರು ಕಾಕಾರಿಗೆ ತಿಳಿಯದು. ತಿಳಿದಿದ್ದ ನಮಗೆ ನೆನಪಾಗಲಿಲ್ಲ. ತಿರುಗಿ ಬಂದು ಬುಂದೆ ಲಾಡು ಹಂಚುವಾಗಲೇ ಅವರಿಗೆ ಸುದ್ದಿ ಗೊತ್ತಾದದ್ದು. ಲಾಡು ತಿಂದರು. "ಪಾಡಾತ್ರಿ, ತಂಗಿ ಆರಾಮ ಅದಾಳಲ್ರಿ?" ಎಂದರು. ಅಷ್ಟೆ. ದಿನಾ ಸಂಜೆ ಪತ್ರಿಕೆ ಓದಿಸಿಕೊಳ್ಳಲು ಇಲ್ಲಿಗೆ ಬರುತ್ತಿದ್ದವರು ಎರಡು ತಿಂಗಳು ಈ ಕಡೆ ಕಾಲಿಡಲಿಲ್ಲ. ಜಗಳವಾಡಿದ್ದರೆ ನಮಗೆ ಹಗುರಾಗುತ್ತಿತ್ತು.

ಹಾಗಾದರೆ ಕಂಡವರನ್ನೆಲ್ಲ ಕರೆದುಬಿಡಿ ಎನ್ನುವಿರಾ? ಅದೂ ಸುಲಭವಲ್ಲ. ದಿನಗೂಲಿಯವರನ್ನು ಇಂಡಿಗೋ ಸಿಂದಗಿಗೋ ಕರೆದರೆ ಎರಡು ದಿನದ ಪಗಾರ, ಹೋಗಿಬರುವ ಬಸ್ಸಿನ ಖರ್ಚು, ಮೇಲೆ ಆಯೇರಿ. ಪತ್ರಿಕೆಯಲ್ಲಿ "ಸಹಕುಟುಂಬ ಸಪರಿವಾರ" ಎಂದು ಅಚ್ಚು ಹಾಕಿಸುತ್ತೇವಲ್ಲ, ಅದನ್ನು ಅವರು ನಿಜವೆಂದೇ ನಂಬಿ ಹೊರಟರೆ ತಿಂಗಳ ಬಾಡಿಗೆಯೇ ಕರಗೀತು. ಕರೆಯದಿದ್ದರೆ ಅವಮಾನ, ಕರೆದರೆ ದಂಡ.

ದಂಡವೆಂದಾಗ ನೆನಪಾಯಿತು. ಕೊರೋನಾ ಕಾಲದಲ್ಲಿ ಈ ತೊಡಕನ್ನು ಸರಕಾರವೇ ಬಿಡಿಸಿತ್ತು. 2020ರ ಮೇ ತಿಂಗಳಲ್ಲಿ ಮದುವೆಗೆ 50 ಜನವೆಂದು ಮಿತಿ ಬಂತು. 2021ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದಲ್ಲಿ ಅದು 25ಕ್ಕೆ ಇಳಿಯಿತು. ಎರಡೇ ಗಂಟೆಯಲ್ಲಿ ಕಾರ್ಯ ಮುಗಿಯಬೇಕು, ಮೀರಿದರೆ 50,000 ರೂಪಾಯಿ ದಂಡ. ಯಾರನ್ನು ಬಿಟ್ಟರೂ ಸರಕಾರದ ಕಡೆ ಬೆರಳು ತೋರಿಸಿ ಪಾರಾಗಬಹುದಿತ್ತು. ಆ ನೆವ ಈಗಿಲ್ಲ.

ಸರಳ ವಿವಾಹ ಮಾಡಿರಿ ಎಂದು ಹಿರಿಯರು ಹೇಳುತ್ತಾರೆ. ಕುವೆಂಪು ಅವರು ಮಂತ್ರಮಾಂಗಲ್ಯದ ದಾರಿ ತೋರಿದರು. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು. ಸಾಲ ಮಾಡಿ ಪಂದಿ ಹಾಕುವ ನಮಗೆ ಅದು ದೊಡ್ಡ ಪಾಠ, ಒಪ್ಪಿದೆವು. ಆದರೂ ಒಂದು ಮಾತು. ದುಡಿಯಲು ಚದುರಿಹೋದ ನಮ್ಮಂಥವರಿಗೆ ಬಳಗವೆಲ್ಲ ಒಂದೆಡೆ ಸೇರುವ ದಿನ ಮದುವೆಯೊಂದೇ. ಐವತ್ತೇ ಜನರ ಮದುವೆ ಮಾಡಿದರೂ ಆ ಐವತ್ತು ಯಾರು ಎಂಬ ಪ್ರಶ್ನೆ ಉಳಿದೇ ಇರುತ್ತದೆ, ಇನ್ನಷ್ಟು ಬಿಗಿಯಾಗುತ್ತದೆ.

ಕಳೆದ ವರ್ಷ ತಮ್ಮನ ಮದುವೆಗೆ ಯಾದಿಯನ್ನು ನಾವು ಈ ಕಡೆಯಿಂದ ಆರಂಭಿಸಿದೆವು. ಊರಿನ ವಹಿ ತೆಗೆಯುವ ಮುಂಚೆ, ಪುಣೆಯಲ್ಲಿ ಕಷ್ಟಕ್ಕೆ ನಿಂತವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದೆವು. ಹದಿನಾಲ್ಕು ಹೆಸರಾದವು. ಅವುಗಳಲ್ಲಿ ಐದು ಮರಾಠಿಯವರವು: ಎರಡು ತಿಂಗಳು ಉದ್ರಿ ಊಟ ಹಾಕಿದ ಖಾನಾವಳಿಯ ಮಾವಶಿ, ಠೇವಣಿ ಕಂತಿನಲ್ಲಿ ತೆಗೆದುಕೊಂಡ ಮನೆಯ ಮಾಲಕರು, ಇಂಥವರು. ಹದಿನಾಲ್ಕೂ ಮನೆಗೆ ನಾವೇ ಹೋಗಿ ಅಕ್ಷತೆ ಕೊಟ್ಟೆವು. ಫೋನಿನಲ್ಲಿ ಪತ್ರಿಕೆಯ ಚಿತ್ರ ಕಳಿಸಿ ಕೈತೊಳೆದುಕೊಳ್ಳಲಿಲ್ಲ. "ಬಂದರೆ ಸಂತೋಷ, ಬರಲಾಗದಿದ್ದರೆ ತಪ್ಪು ತಿಳಿಯುವುದಿಲ್ಲ. ತಿರುಗಿ ಬಂದ ಭಾನುವಾರ ಇಲ್ಲೇ ಊಟ" ಎಂದು ಬಾಯಿಬಿಟ್ಟು ಹೇಳಿದೆವು. ಊರಿಗೆ ಮೂವರು ಬಂದರು. ಇಲ್ಲಿಯ ಊಟಕ್ಕೆ ಎಲ್ಲರೂ ಬಂದರು. ಹೋಳಿಗೆ ಕಡಿಮೆಬಿದ್ದು ಮಾವಶಿಯೇ ಒಳಗೆ ಹೋಗಿ ಚಪಾತಿ ಲಟ್ಟಿಸಬೇಕಾಯಿತು.

ಗೌಂಡಿಯವರು ಊರಿಗೆ ಬರಲಿಲ್ಲ, ಸ್ಲ್ಯಾಬಿನ ಕೆಲಸವಿತ್ತು. ಬಂದವರ ಕೈಯಲ್ಲಿ ನೂರಾ ಒಂದು ರೂಪಾಯಿ ಕಳಿಸಿದ್ದರು. ವಹಿ ಹಿಡಿದು ಕೂತಿದ್ದ ಕಾಕಾ, "ಇಂವ ಯಾರ ಪೈಕಿನೋ?" ಎಂದು ಕೇಳಿದರು. ಆಸ್ಪತ್ರೆಯ ಮೂರು ರಾತ್ರಿಯ ಕಥೆಯನ್ನು ಕಾಕಾರಿಗೆ ಹೇಳಿದ್ದು ಆಗಲೇ. ಅವರು ಪೂರಾ ಕೇಳಿಕೊಂಡು, ಕನ್ನಡಕ ಸರಿಮಾಡಿಕೊಂಡು, ಹೆಸರು ಬರೆದುಕೊಂಡರು. ಈಗ ಆ ಹೆಸರು ವಹಿಯಲ್ಲಿದೆ. ಅವರ ಮಗಳಿಗೆ ವರ ನೋಡುತ್ತಿದ್ದಾರೆ.