ಮಗ್ರಿಬ್‌ನಿಂದ ಫಜರ್‌ವರೆಗೆ: ಬೇಸಿಗೆಯ ಕೊನೆಯ ಆಕಾಶ



ನಮ್ಮಲ್ಲಿ ಹೆಚ್ಚಿನವರು ತಲೆಯೆತ್ತಿ ಆಕಾಶ ನೋಡುವುದು ವರ್ಷಕ್ಕೆ ಎರಡು ಸಂಜೆ ಮಾತ್ರ. ಒಂದು ರಂಜಾನ್ ಚಂದ್ರನಿಗಾಗಿ, ಇನ್ನೊಂದು ಈದ್ ಚಂದ್ರನಿಗಾಗಿ. ಚಂದ್ರ ಕಂಡಿತೋ, ಮುಬಾರಕ್ ಹೇಳಿ ಎಲ್ಲರೂ ಬಜಾರಿಗೆ. ಉಳಿದ ರಾತ್ರಿಗಳ ಆಕಾಶವನ್ನು ಕೇಳುವವರೇ ಇಲ್ಲ. ಇಂದು ನಾನು ನಿಮ್ಮಲ್ಲಿ ಮಾಡಿಕೊಳ್ಳುವ ವಿನಂತಿ, ಈ ಮೇ ತಿಂಗಳಿನಲ್ಲಿ ಕೆಲವು ರಾತ್ರಿ ಮಾಳಿಗೆ ಹತ್ತಿರಿ. ಪರೀಕ್ಷೆ ಮುಗಿದಿದೆ, ಸೆಖೆಗೆ ಒಳಗೆ ನಿದ್ದೆಯೂ ಬಾರದು. ಸಂಜೆ ಒಂದು ಗುಡುಗುಮಳೆ ಬಿದ್ದು ಧೂಳು ತೊಳೆದುಹೋದರಂತೂ ನಕ್ಷತ್ರಗಳು ಮಿರಮಿರ ಮಿಂಚುತ್ತವೆ. ಜೂನ್‌ನಲ್ಲಿ ಮುಂಗಾರು ಕವಿದರೆ ಆಮೇಲೆ ತಿಂಗಳುಗಟ್ಟಲೆ ಮೋಡವೇ.

ನಮ್ಮ ಸಮಾರಂಭಗಳಲ್ಲಿ ಅಲ್ ಬಿರೂನಿ, ಉಲುಗ್ ಬೇಗ್ ಅವರ ಹೆಸರು ಬಾರದ ಭಾಷಣವಿಲ್ಲ. ಹೆಮ್ಮೆ ಪಡುವುದು ತಪ್ಪಲ್ಲ. ಆದರೆ ಬಿರೂನಿ ಹೆಮ್ಮೆಪಟ್ಟು ದೊಡ್ಡವರಾದವರಲ್ಲ. ಈಗ ಪಾಕಿಸ್ತಾನದಲ್ಲಿರುವ ನಂದನಾ ಕೋಟೆಯ ಬಳಿ ಬೆಟ್ಟ ಹತ್ತಿ, ಕ್ಷಿತಿಜ ಎಷ್ಟು ಕೆಳಗೆ ತಗ್ಗಿ ಕಾಣುತ್ತದೆಂದು ಅಳೆದು, ಅದರಿಂದ ಭೂಮಿಯ ಗಾತ್ರ ಲೆಕ್ಕ ಹಾಕಿದವರು. ಇಲ್ಲಿನ ಜ್ಯೋತಿಶ್ಶಾಸ್ತ್ರ ತಿಳಿಯಲು ಸಂಸ್ಕೃತ ಕಲಿತವರು. ಉಲುಗ್ ಬೇಗ್ ಸಮರ್‌ಕಂದ್‌ನ ವೇಧಶಾಲೆಯಿಂದ 1437ರಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಕೊಟ್ಟರು. ಜಂತರ್ ಮಂತರ್ ಕಟ್ಟಿಸಿದ ಜೈಪುರದ ರಾಜಾ ಸವಾಯಿ ಜೈಸಿಂಗ್ ಆ ಪಟ್ಟಿಯನ್ನು ಆಧರಿಸಿಕೊಂಡೇ ತಮ್ಮ ಗ್ರಂಥ ಸಿದ್ಧಪಡಿಸಿ, ಅದಕ್ಕೆ ಮೊಘಲ್ ದೊರೆ ಮುಹಮ್ಮದ್ ಶಾಹನ ಹೆಸರಿಟ್ಟರು. ವಿದ್ಯೆ ಹೀಗೆ ಕೈಯಿಂದ ಕೈಗೆ ಹೋಗುತ್ತದೆ. ಅವರು ಅಳೆದ ನಕ್ಷತ್ರಗಳು ಇವತ್ತಿಗೂ ನಿಮ್ಮ ಮಾಳಿಗೆಯ ಮೇಲೇ ಇವೆ. ಅವುಗಳಲ್ಲಿ ಹತ್ತನ್ನು ಗುರುತಿಸಲಾರದವನು ಬಿರೂನಿಯ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿದರೆ ಅದು ಸಾಲದ ದುಡ್ಡಿನಲ್ಲಿ ಮಾಡಿದ ದಾವತ್ ಇದ್ದಂತೆ.

ಮೇ ಮಧ್ಯದಲ್ಲಿ ಇಶಾ ನಮಾಜ್ ಮುಗಿಸಿ, ಸುಮಾರು 9 ಗಂಟೆಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಏಳು ನಕ್ಷತ್ರಗಳ ಸೌಟೊಂದು ಬೋರಲು ಬಿದ್ದಂತೆ ಕಾಣುತ್ತದೆ. ಅದೇ ಸಪ್ತರ್ಷಿ ಮಂಡಲ. ಎಡತುದಿಯ ಎರಡು ನಕ್ಷತ್ರಗಳು ಮೆರಾಕ್ ಮತ್ತು ದುಬ್ಹೆ. ಉರ್ದು ಓದುವ ಮಕ್ಕಳಿಗೆ ‘ದುಬ್ಬೆ ಅಕ್ಬರ್’ ಎಂಬ ಹೆಸರು ಗೊತ್ತಿದ್ದರೆ ಇಲ್ಲಿರುವುದು ಅದೇ ಕರಡಿ. ಈ ಎರಡರ ಗೆರೆಯನ್ನು ಕೆಳಕ್ಕೆ ಐದು ಪಟ್ಟು ಎಳೆದರೆ ಧ್ರುವ ನಕ್ಷತ್ರ, ನಮ್ಮ ಕುತುಬ್ ತಾರಾ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ಬೆಂಗಳೂರಿನಲ್ಲಿ ಧ್ರುವ ನೆಲದಿಂದ ಸುಮಾರು 13 ಡಿಗ್ರಿ ಎತ್ತರ, ಬೀದರಿನಲ್ಲಿ ಸುಮಾರು 18. ಅದು ನಿಮ್ಮ ಊರಿನ ಅಕ್ಷಾಂಶವೇ! ಭೂಗೋಳದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದನ್ನು ಮುಷ್ಟಿಯಲ್ಲಿ ಅಳೆದು ನೋಡಿ.

ಈಗ ಸೌಟಿನ ಹಿಡಿಗೆ ಬನ್ನಿ. ತುದಿಯಿಂದ ಎರಡನೆಯದು ಮಿಝಾರ್. ಅದಕ್ಕೆ ಅಂಟಿಕೊಂಡಂತೆ ಒಂದು ಮಂಕು ಚುಕ್ಕೆ ಇದೆ, ದೃಷ್ಟಿ ನೆಟ್ಟು ನೋಡಿ. ಅರಬರು ಅದನ್ನು ‘ಸುಹಾ’ ಎಂದರು, ಕಣ್ಣಿನ ಪರೀಕ್ಷೆಗೆ ಬಳಸಿದರು. ನಾನು ಅವನಿಗೆ ಸುಹಾ ತೋರಿಸಿದರೆ ಅವನು ನನಗೆ ಚಂದ್ರನನ್ನು ತೋರಿಸುತ್ತಾನೆ ಎಂಬ ಗಾದೆಯೇ ಅರಬಿಯಲ್ಲಿದೆ. ಸೂಕ್ಷ್ಮ ಕೇಳಿದರೆ ಎದುರಿಗೆ ಕಾಣುವುದನ್ನೇ ಹೇಳುವವನ ಬಗ್ಗೆ ಆ ಮಾತು. ಇನ್ನು ನಮ್ಮ ಹಿಂದೂ ನೆರೆಹೊರೆಯವರ ಮದುವೆಗೆ ಹೋದವರು ನೆನಪಿಸಿಕೊಳ್ಳಿ, ವಧೂವರರಿಗೆ ಪುರೋಹಿತರು ತೋರಿಸುವ ಅರುಂಧತಿಯೂ ಇದೇ ಸುಹಾ, ಪಕ್ಕದ ವಸಿಷ್ಠನೇ ಮಿಝಾರ್. ಮರುಭೂಮಿಯವರೂ ಈ ನಾಡಿನವರೂ ಒಂದೇ ಮಂಕು ಚುಕ್ಕೆಯನ್ನು ಹುಡುಕಿ ಹೆಸರಿಟ್ಟಿದ್ದಾರೆ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಹಿಡಿಯ ಬಾಗನ್ನು ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬಿಳಿಯ ಚಿತ್ರಾ. ದಕ್ಷಿಣದಲ್ಲಿ ನೆಲಕ್ಕೆ ಹತ್ತಿರ ನಾಲ್ಕು ನಕ್ಷತ್ರಗಳ ಪುಟ್ಟ ಗಾಳಿಪಟ, ಅದನ್ನು ದಕ್ಷಿಣದ ಶಿಲುಬೆ ಎನ್ನುತ್ತಾರೆ. ಲಂಡನ್ನಿನವರಿಗೆ ಅದು ಕಾಣುವುದೇ ಇಲ್ಲ, ನಮಗೆ ಪುಕ್ಕಟೆ.

ಗ್ರಹಗಳನ್ನು ಗುರುತಿಸುವುದು ಕಷ್ಟವಲ್ಲ. ಸೂರ್ಯ ಚಂದ್ರರು ಹೋಗುವ ದಾರಿಯಲ್ಲೇ ಅವೂ ಇರುತ್ತವೆ, ನಕ್ಷತ್ರದಂತೆ ಮಿನುಗದೆ ಸ್ಥಿರವಾಗಿ ಬೆಳಗುತ್ತವೆ. ಎಲ್ಲಕ್ಕಿಂತ ಪ್ರಕಾಶಮಾನವಾದದ್ದು ಶುಕ್ರ, ಉರ್ದುವಿನ ಝುಹ್ರಾ. ಅದು ಸೂರ್ಯನಿಂದ ಬಹುದೂರ ಹೋಗದು. ಆದ್ದರಿಂದ ಕಂಡರೆ ಮಗ್ರಿಬ್ ನಂತರ ಪಶ್ಚಿಮದಲ್ಲಿ, ಇಲ್ಲವೇ ಫಜರ್‌ಗೆ ಮುನ್ನ ಪೂರ್ವದಲ್ಲಿ. ಈ ಮೇನಲ್ಲಿ ಅದನ್ನು ಕಂಡ ಜಾಗ, ದಿನಾಂಕ ಬರೆದಿಡಿ. 8 ವರ್ಷಗಳ ನಂತರ ಅದೇ ದಿನಗಳಲ್ಲಿ ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ. ಗುರು ಅಂದರೆ ಮುಶ್ತರಿ, ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ. ಸಾಧಾರಣ ದುರ್ಬೀನನ್ನು ಗೋಡೆಗೆ ಆನಿಸಿ ಹಿಡಿದರೆ 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಉಪಗ್ರಹಗಳು ನಿಮಗೂ ಕಂಡಾವು. ಶನಿ ಅಂದರೆ ಝುಹಲ್, ಸುಮಾರು 29 ವರ್ಷ ಆರು ತಿಂಗಳು. ನಮ್ಮವರಲ್ಲೂ ಕೆಲವರು ಈ ಹೆಸರಿಗೆ ಬೆಚ್ಚುತ್ತಾರೆ! ದೂರದರ್ಶಕದಲ್ಲಿ ಅದರ ಬಳೆ ನೋಡಿದ ಮಗು ಮುಂದೆ ಹೆದರದು. 2020ರ ಡಿಸೆಂಬರ್ 21ರಂದು ಗುರು ಶನಿಗಳು ಒಂದಕ್ಕೊಂದು ತಾಗಿದಂತೆ ಕಂಡವು. ಅವು ಮತ್ತೆ ಜೊತೆಯಾಗುವುದು 2040ರಲ್ಲಿ. ಇಲ್ಲಿ ಕುಳಿತ ಹುಡುಗ ಹುಡುಗಿಯರು ಆಗ ನೌಕರಿ, ಸಂಸಾರದಲ್ಲಿರುತ್ತೀರಿ.

ಹುಡುಗಿಯರು ಎಂದೆ. ಪೋಷಕರಿಗೆ ಒಂದು ಮಾತು. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಒಳಗೆ ಕರೆಯುತ್ತೇವೆ, ನಿಜ. ಆದರೆ ಮಾಳಿಗೆ ನಮ್ಮದೇ ಮನೆಯದು. ತಾಯಂದಿರೂ ಜೊತೆಗೆ ಹತ್ತಲಿ, ಚಾಪೆ ಹಾಸಿಕೊಳ್ಳಲಿ. ವಿಜ್ಞಾನ ವಿಷಯ ತೆಗೆದುಕೊಳ್ಳಲೋ ಬೇಡವೋ ಎಂದು ಹಿಂಜರಿಯುವ ನನ್ನ ವಿದ್ಯಾರ್ಥಿನಿಯರಿಗೆ ಆ ಒಂದು ಗಂಟೆ ನನ್ನ ಹತ್ತು ಪಾಠಗಳಿಗಿಂತ ಹೆಚ್ಚು. ಕರೆಂಟು ಹೋದರೆ ಇನ್ನೂ ಒಳ್ಳೆಯದು, ಬಯ್ಯಬೇಡಿ.

ಒಂದು ದಿನ ಫಜರ್‌ಗೆ ಅರ್ಧ ಗಂಟೆ ಮೊದಲೇ ಏಳಿ. ರಾತ್ರಿ ಆಗ್ನೇಯದಲ್ಲಿ ಹುಟ್ಟಿದ ವೃಶ್ಚಿಕ ಈಗ ನೈಋತ್ಯಕ್ಕೆ ವಾಲಿರುತ್ತದೆ. ನೆತ್ತಿಯ ಹತ್ತಿರ ಕಹಕಶಾಂ, ಅಂದರೆ ಆಕಾಶಗಂಗೆ. ಅದರ ಅಕ್ಕಪಕ್ಕ ಶ್ರವಣ ಮತ್ತು ಅಭಿಜಿತ್. ಇಂಗ್ಲಿಷ್ ಪುಸ್ತಕದಲ್ಲಿ ಶ್ರವಣಕ್ಕೆ ‘ಆಲ್ಟೇರ್’ ಎಂದಿರುತ್ತದೆ, ಅದು ಅರಬಿಯ ‘ತಾಇರ್’, ಹಾರುವ ಹದ್ದು. ಊರ ದೀಪಗಳಿಂದ ದೂರವಿದ್ದರೆ ಪೂರ್ವದಲ್ಲಿ ಮಂದ ಬೆಳಕೊಂದು ಗೋಪುರದಂತೆ ಮೇಲೆದ್ದಿರುವುದನ್ನು ಹುಡುಕಿ. ಅದು ಸುಬಹೆ ಕಾಝಿಬ್, ಸುಳ್ಳು ಬೆಳಗು. ಗ್ರಹಗಳ ದಾರಿಯಲ್ಲಿ ಹರಡಿರುವ ಸೂಕ್ಷ್ಮ ಧೂಳು ಸೂರ್ಯನ ಬೆಳಕಿಗೆ ಹೊಳೆಯುವುದು. ಅದು ನೆಟ್ಟಗೆ ನಿಂತಿರುತ್ತದೆ. ನಿಜವಾದ ಬೆಳಗು ಕ್ಷಿತಿಜದುದ್ದಕ್ಕೂ ಅಡ್ಡಲಾಗಿ ಹರಡುತ್ತದೆ. ಅಷ್ಟರಲ್ಲಿ ಅಝಾನ್ ಕೇಳುತ್ತದೆ, ವುಝೂಗೆ ಇಳಿಯಬಹುದು.