ದೇಹದ ಲೆಕ್ಕ ಮತ್ತು ಅತಿಭಾರದ ದೋಷ

(ಪುಣೆಯ ಬಿಬವೇವಾಡಿಯಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಒತ್ತಡ ನಿರ್ವಹಣೆಯ ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ವೈದ್ಯನಲ್ಲ, ಲೆಕ್ಕ ಪರಿಶೋಧಕ. ಬಾಯಿಮಾತನ್ನು ನಂಬದೆ ದಾಖಲೆಯನ್ನು ನೋಡಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಸ್ವಂತ ದೇಹದ ವಿಷಯದಲ್ಲಿ ಆ ಪಾಠವನ್ನು ನಾನು ಬಹುಕಾಲ ಮರೆತಿದ್ದೆ.

ರಕ್ತದೊತ್ತಡ ಏರಿದಾಗ ವೈದ್ಯರು ಔಷಧದ ಜೊತೆಗೆ ಬಯೋಫೀಡ್‌ಬ್ಯಾಕ್ ತರಬೇತಿಯನ್ನೂ ಸೂಚಿಸಿದರು. ಮೊದಲ ದಿನ ಬೆರಳ ತುದಿಗೆ ಸಣ್ಣ ಸಂವೇದಕವನ್ನು ಕಟ್ಟಿ, ಎದುರಿನ ಪರದೆಯಲ್ಲಿ ಚರ್ಮದ ಉಷ್ಣತೆಯನ್ನು ತೋರಿಸಿದರು. "ಈಗ ಹೇಗಿದ್ದೀರಿ?" ಎಂದು ಕೇಳಿದರು. "ಶಾಂತವಾಗಿದ್ದೇನೆ" ಎಂದೆ. ಕಚೇರಿಯ ಕೆಲಸವನ್ನು ನೆನೆಯಲು ಹೇಳಿದರು. ಆಗಲೂ ಶಾಂತನೆಂದೇ ಹೇಳಿದೆ. ಪರದೆಯ ಗೆರೆ ಮಾತ್ರ ಕೆಳಗಿಳಿಯುತ್ತಿತ್ತು. ಮನಸ್ಸು ಉದ್ವಿಗ್ನವಾದಾಗ ಬೆರಳಿನ ರಕ್ತನಾಳಗಳು ಸಂಕುಚಿಸುತ್ತವೆ, ಬೆರಳು ತಣ್ಣಗಾಗುತ್ತದೆ. ದಾಖಲೆ ನನ್ನ ಮಾತನ್ನು ಸುಳ್ಳಾಗಿಸಿತ್ತು.

ಈ ವಿದ್ಯೆಯ ತಿರುಳು ಇಷ್ಟೇ. ನಮಗೆ ತಿಳಿಯದೆ ನಡೆಯುವ ದೇಹದ ವ್ಯಾಪಾರವನ್ನು ಯಂತ್ರ ಕಣ್ಣಿಗೆ ಕಾಣಿಸುತ್ತದೆ. ಕಂಡದ್ದನ್ನು ನಾವು ಅಭ್ಯಾಸದಿಂದ ತಿದ್ದಿಕೊಳ್ಳುತ್ತೇವೆ. ಕಲಿತ ಬಳಿಕ ಯಂತ್ರವನ್ನು ಬಿಡುತ್ತೇವೆ. ಬಯೋಫೀಡ್‌ಬ್ಯಾಕ್ ಎಂಬ ಹೆಸರು 1969ರಲ್ಲಿ ಅಮೆರಿಕದಲ್ಲಿ ರೂಢಿಗೆ ಬಂತು. ಮರುವರ್ಷ ಅಲ್ಲಿನ ಮೆನಿಂಜರ್ ಪ್ರತಿಷ್ಠಾನದಲ್ಲಿ ಎಲ್ಮರ್ ಗ್ರೀನ್ ಅವರು ಭಾರತದ ಸ್ವಾಮಿ ರಾಮರನ್ನು ಪರೀಕ್ಷಿಸಿದರು. ಒಂದೇ ಅಂಗೈಯ ಎರಡು ಬದಿಗಳ ಉಷ್ಣತೆಯನ್ನು ಅವರು ಬೇರೆಬೇರೆಯಾಗಿಸಿ ತೋರಿಸಿದರು.

ನನಗೆ ಕಲಿಸಿದ್ದು ಅಂಥ ಸಿದ್ಧಿಯೇನಲ್ಲ, ನಿಧಾನವಾದ ಉಸಿರಾಟ. ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು ಸುಮಾರು 6ಕ್ಕೆ ಇಳಿಸಿದಾಗ, ಉಸಿರು ಒಳಬರುವಾಗ ತುಸು ಏರಿ ಹೊರಹೋಗುವಾಗ ಇಳಿಯುವ ಹೃದಯದ ಬಡಿತ ಒಂದು ಕ್ರಮಕ್ಕೆ ಬರುತ್ತದೆ. ನಮ್ಮ ಕಾಯೋತ್ಸರ್ಗದಲ್ಲಿ 9 ಬಾರಿ ಪಂಚನಮಸ್ಕಾರ ಮಂತ್ರವನ್ನು 27 ಉಸಿರುಗಳಲ್ಲಿ ಜಪಿಸುವ ರೂಢಿಯಿದೆ. ಈ ವೇಗದಲ್ಲಿ ಅದಕ್ಕೆ ನಾಲ್ಕೂವರೆ ನಿಮಿಷ ಬೇಕು. ನಾನು ಅದನ್ನು ಒಂದೇ ನಿಮಿಷದಲ್ಲಿ ಮುಗಿಸುತ್ತಿದ್ದೆ! ಕಾಯೋತ್ಸರ್ಗದ ಗುರಿ ದೇಹದ ಮಮತೆಯನ್ನು ಬಿಡುವುದು. ರಕ್ತದೊತ್ತಡದ ಚಿಕಿತ್ಸೆಗೆ ಅದನ್ನು ವಿಧಿಸಿದ್ದಲ್ಲ. ಆದರೂ ಅವಸರದಲ್ಲಿ ಮಾಡಿದ ಕಾಯೋತ್ಸರ್ಗ ಎರಡಕ್ಕೂ ಒದಗುವುದಿಲ್ಲ.

ಇಲ್ಲಿಗೆ ಮಾತು ಮುಗಿದಿದ್ದರೆ ಚೆನ್ನಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ, ತಿಂಗಳ ಕೊನೆಯ ಗಡುವು ಹತ್ತಿರವಾದಾಗ, ನನ್ನ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಮಕ್ಕಳಿಗೆ ನಾನು ಈ ಉಸಿರಾಟವನ್ನು ಕಲಿಸಿದೆ. ರಾತ್ರಿ ಹತ್ತು ಗಂಟೆಯಾಗಿತ್ತು. ಒಬ್ಬ ಹುಡುಗ ವಿನಯದಿಂದಲೇ ಕೇಳಿದ: "ಸರ್, ಉಸಿರು ಸರಿಹೋಯಿತು. ಊಟಕ್ಕೆ ಯಾವಾಗ ಬಿಡುತ್ತೀರಿ?"

ಇದೇ ಪುಣೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಲ್ಲಿ ತೀರಿಕೊಂಡ 26 ವರ್ಷದ ಲೆಕ್ಕ ಪರಿಶೋಧಕಿಯ ತಾಯಿ, ಮಗಳ ಕೆಲಸದ ಹೊರೆಯ ಬಗ್ಗೆ ಬರೆದ ಪತ್ರ ಅದೇ ತಿಂಗಳು ದೇಶದಾದ್ಯಂತ ಸುದ್ದಿಯಾಗಿತ್ತು. ನಾನು ಆ ಪತ್ರವನ್ನು ಓದಿ ಮರುಗಿದ್ದೆ. ನನ್ನ ಮೇಜಿನ ಆಚೆ ಕುಳಿತವರನ್ನು ನೋಡಿರಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮಿತಿಮೀರಿ ಹೊರೆ ಹೊರಿಸುವುದು ನಾಲ್ಕನೆಯದು, ಹೊತ್ತಿಗೆ ಅನ್ನನೀರು ಸಿಗದಂತೆ ಮಾಡುವುದು ಐದನೆಯದು. ಇವು ಎತ್ತು-ಕುದುರೆಗಳಿಗೆ ಸಂಬಂಧಿಸಿದ ಮಾತೆಂದು ನಾನು ತಿಳಿದಿದ್ದೆ. ಸೂರ್ಯಾಸ್ತಕ್ಕೆ ಮೊದಲು ಉಂಡು ವ್ರತ ಪಾಲಿಸಿದೆನೆಂದುಕೊಳ್ಳುವ ನಾನು, ಆ ಮಕ್ಕಳನ್ನು ಹತ್ತರವರೆಗೆ ಹಸಿದಿರಿಸಿದ್ದೆ. ನಿಧಾನವಾಗಿ ಉಸಿರಾಡಲು ಕಲಿಸಿ ಹೊರೆಯನ್ನು ಹಾಗೆಯೇ ಬಿಡುವುದು, ದೋಷವನ್ನು ಕಂಡೂ ವರದಿಗೆ ಸಹಿ ಹಾಕಿದಂತೆ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ನೌಕರರ ದುಡಿಮೆಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದಿನದ ಮಿತಿಯನ್ನು 10 ಗಂಟೆಗೆ ಏರಿಸಲು ಒಪ್ಪಿತು. ಸರಕಾರದ ಮಿತಿ ಹಿಗ್ಗಬಹುದು. ಶ್ರಾವಕನ ಅಣುವ್ರತ ಹಿಗ್ಗಲಾರದು.

ಈಗ ನನ್ನ ಕಚೇರಿಯ ದೀಪ ಏಳೂವರೆಗೆ ಆರುತ್ತದೆ. ಆಗಸ್ಟ್ ಮುಗಿದ ಮೇಲೆ ಬಿಲ್ಲುಗಳ ಚೀಲ ತರುವವರ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಅದರಿಂದ ಕೆಲವು ಕಕ್ಷಿದಾರರು ಬಿಟ್ಟುಹೋದರು. ಉಳಿದವರು ಈ ಸಭೆಯಲ್ಲಿಯೂ ಇದ್ದೀರಿ, ನಿಮಗೆ ನನ್ನ ವಂದನೆಗಳು.

ಬಯೋಫೀಡ್‌ಬ್ಯಾಕನ್ನು ಅವಶ್ಯವಾಗಿ ಕಲಿಯಿರಿ, ಆದರೆ ತಜ್ಞರಿಂದಲೇ ಕಲಿಯಿರಿ. ಎದೆನೋವೋ, ಬಹುದಿನ ಬಿಡದ ಖಿನ್ನತೆಯೋ ಇದ್ದರೆ ಮೊದಲು ವೈದ್ಯರಲ್ಲಿಗೆ ಹೋಗಿರಿ. ಇಂದು ರಾತ್ರಿ 27 ಉಸಿರುಗಳನ್ನು ಪೂರ್ಣವಾಗಿ ಎಣಿಸಿರಿ. ಎಣಿಸಿ ಮುಗಿದ ಮೇಲೆ ನಿಮ್ಮ ಅಂಗಡಿಯ ಮುನೀಮ, ಮನೆಗೆಲಸದಾಕೆ, ಸೊಸೆ ಉಂಡರೋ ಇಲ್ಲವೋ ವಿಚಾರಿಸಿರಿ.

ಜೈ ಜಿನೇಂದ್ರ.