ಸಂಶೋಧನೆಗೆ ಸರಕಾರದ ಧನ: ಪಾತ್ರಾಪಾತ್ರವಿಚಾರ



ದಾನಕ್ಕೆ ಪಾತ್ರನಾರು, ಅಪಾತ್ರನಾರು ಎಂಬದನ್ನು ಧರ್ಮಶಾಸ್ತ್ರಕಾರರು ಬಹುಕಾಲ ಚರ್ಚಿಸಿರುವರು. ಅದೇ ಪ್ರಶ್ನೆಯು ಈಗ ವಿಜ್ಞಾನಿಗಳ ವಿಷಯದಲ್ಲಿ ಸರಕಾರಗಳಿಗೆ ಎದುರಾಗಿರುವದು. ಪ್ರಜೆಗಳ ಕರದಿಂದ ಕೂಡಿದ ದ್ರವ್ಯವನ್ನು ಯಾವ ಸಂಶೋಧಕನಿಗೆ, ಯಾವ ಗುರುತಿನ ಮೇಲೆ ಕೊಡತಕ್ಕದ್ದು?

ರೂಢಿಯಲ್ಲಿರುವ ಕ್ರಮವು ಹೀಗಿದೆ. ಸಂಶೋಧಕನು ತಾನು ಕೈಕೊಳ್ಳಲಿರುವ ಕಾರ್ಯವನ್ನೂ ಅದಕ್ಕೆ ತಗಲುವ ವೆಚ್ಚವನ್ನೂ ವಿವರಿಸಿ ಅರ್ಜಿ ಬರೆಯುವನು. ಅದೇ ಶಾಸ್ತ್ರದಲ್ಲಿ ನುರಿತವರು ಅದನ್ನು ಪರೀಕ್ಷಿಸಿ ಅಂಕ ಕೊಡುವರು. ಹಣ ತೀರುವವರೆಗೆ ಮೇಲಿನ ಅಂಕದವರಿಂದ ಹಂಚುತ್ತ ಬರುವರು. ವಿದ್ವಾಂಸನ ಶ್ರಮವನ್ನು ವಿದ್ವಾಂಸನೇ ಬಲ್ಲನೆಂಬ ನ್ಯಾಯವು ಇದಕ್ಕೆ ಮೂಲವಾದದ್ದು. ಅಧಿಕಾರಿಯೊಬ್ಬನ ಮರ್ಜಿಗಿಂತ ಇದು ಎಷ್ಟೋ ಮೇಲೆಂಬದರಲ್ಲಿ ಸಂದೇಹವಿಲ್ಲ.

ಆದರೆ ಈ ತಕ್ಕಡಿಯು ಎಷ್ಟು ಸೂಕ್ಷ್ಮವಾದದ್ದು? ಅಮೇರಿಕೆಯಲ್ಲಿ ಮೊದಲೇ ಸರಕಾರದ ಧನ ಪಡೆದಿದ್ದ 25 ಅರ್ಜಿಗಳನ್ನು 43 ಮಂದಿ ಪರೀಕ್ಷಕರ ಮುಂದಿಟ್ಟು ನೋಡಿದ ಫಲವು 2018ರಲ್ಲಿ ಪ್ರಕಟವಾಯಿತು. ಒಂದೇ ಅರ್ಜಿಗೆ ಒಬ್ಬರು ಕೊಟ್ಟ ಅಂಕಕ್ಕೂ ಮತ್ತೊಬ್ಬರು ಕೊಟ್ಟ ಅಂಕಕ್ಕೂ ಹೊಂದಿಕೆಯೇ ಕಾಣಲಿಲ್ಲ. ಕೆಟ್ಟ ಅರ್ಜಿಯನ್ನು ಗುರುತಿಸುವದು ಸುಲಭವಿರಬಹುದು. ಒಳ್ಳೆಯವುಗಳೊಳಗೆ ತರತಮ ಹೇಳುವದೇ ಕಠಿಣ.

ಹಂಗೇರಿ ದೇಶದಲ್ಲಿ ಜನಿಸಿದ ಕಾತಲಿನ್ ಕಾರಿಕೋ ಎಂಬ ವಿದುಷಿಯು, ಜೀವಕೋಶಗಳಿಗೆ ಆದೇಶವನ್ನೊಯ್ಯುವ ಎಂ.ಆರ್.ಎನ್.ಎ. ಎಂಬ ದ್ರವ್ಯದಿಂದ ಔಷಧವನ್ನು ಸಾಧಿಸಬಹುದೆಂದು ಅಮೇರಿಕೆಯಲ್ಲಿದ್ದು ಮೇಲಿಂದ ಮೇಲೆ ಅರ್ಜಿ ಬರೆದರು. ಅವು ಮರಳಿ ಬಂದವು. 1995ರಲ್ಲಿ ಅವರ ಹುದ್ದೆಯನ್ನೂ ಇಳಿಸಲಾಯಿತು. ಮುಂದೆ ಕೋವಿಡ್ ಲಸಿಕೆಗೆ ಆ ಶೋಧವೇ ಅಡಿಗಲ್ಲಾಗಿ, 2023ರಲ್ಲಿ ಡ್ರೂ ವೈಸ್‌ಮನ್ನರೊಡನೆ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಇಂಥ ಛಲವಿಲ್ಲದೆ ಸುಮ್ಮನಾದವರ ಅರ್ಜಿಗಳು ಎಷ್ಟೋ, ಬಲ್ಲವರಾರು?

ಭಾರತದಲ್ಲಿ ಇನ್ನೊಂದು ತೊಡಕುಂಟು. 2008ರ ಕಾಯಿದೆಯಿಂದ ಹುಟ್ಟಿದ ವಿಜ್ಞಾನ ಮತ್ತು ಇಂಜಿನಿಯರಿಂಗ್ ಸಂಶೋಧನ ಮಂಡಳಿಯ ಧನದಲ್ಲಿ ನೂರಕ್ಕೆ ಸುಮಾರು 65 ಪಾಲು ಐ.ಐ.ಟಿ.ಗಳಿಗೂ, 11 ಪಾಲು ಮಾತ್ರ ರಾಜ್ಯಗಳ ವಿಶ್ವವಿದ್ಯಾಲಯಗಳಿಗೂ ಹೋಗುತ್ತಿರುವದೆಂದು ಸರಕಾರದವರೇ 2023ರಲ್ಲಿ ಹೇಳಿದರು. ಕಾಲುವೆಯ ತಲೆಯಲ್ಲಿರುವ ಗದ್ದೆಗಳು ತುಂಬಿ ಹರಿದರೂ ತುದಿಯ ಹೊಲಕ್ಕೆ ನೀರು ಮುಟ್ಟದಂತಾಯಿತು. ಯಂತ್ರಸಾಮಗ್ರಿ ಇದ್ದಲ್ಲಿ ಫಲವು ಬೇಗ ಕೈಸೇರುವದೆಂಬ ವಾದವು ತಳ್ಳಿಹಾಕತಕ್ಕದ್ದಲ್ಲ. ಆದರೆ ಧನವಿಲ್ಲದೆ ಯಂತ್ರವಿಲ್ಲ, ಯಂತ್ರವಿಲ್ಲದೆ ಫಲವಿಲ್ಲ, ಫಲವಿಲ್ಲದೆ ಧನವಿಲ್ಲ ಎಂದಾದರೆ ತಾರ್ಕಿಕರು ಇದನ್ನು ಚಕ್ರಕದೋಷವೆಂದೇ ಕರೆಯುವರು.

2023ರ ಕಾಯಿದೆಯ ಮೇರೆಗೆ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನವು ಆ ಮಂಡಳಿಯ ಸ್ಥಾನದಲ್ಲಿ ಬಂದಿರುವದು. 5 ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಸಂಕಲ್ಪ. ಹಿರಿಯ ಸಂಸ್ಥೆಯೊಂದಕ್ಕೆ ಹಲವು ವಿಶ್ವವಿದ್ಯಾಲಯಗಳನ್ನು ಜೋಡಿಸಿ ಧನ ಕೊಡುವ ಯೋಜನೆಯನ್ನೂ ಅದು ಹೂಡಿದೆ. ಒಳ್ಳೆಯದೇ, ಕಿರಿಯರ ಜುಟ್ಟು ಹಿರಿಯರ ಕೈಯಲ್ಲಿ ಉಳಿಯದಿದ್ದರೆ ಸಾಕು.

ಪರದೇಶಗಳಲ್ಲಿ ಮತ್ತೊಂದು ಉಪಾಯವನ್ನು ಪರೀಕ್ಷಿಸಿರುವರು. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನ ಮಂಡಳಿಯು 2013ರಲ್ಲಿಯೂ, ಬ್ರಿಟಿಷ್ ಅಕಾಡೆಮಿಯು 2022ರಲ್ಲಿಯೂ, ಯೋಗ್ಯವೆಂದು ತೇರ್ಗಡೆಯಾದ ಅರ್ಜಿಗಳೊಳಗೆ ಚೀಟಿಯೆತ್ತಿ ಕೆಲವು ಅನುದಾನಗಳನ್ನು ಹಂಚಲು ತೊಡಗಿದವು. ವಿದ್ಯೆಯ ವಿಷಯದಲ್ಲಿ ಜೂಜೇ ಎಂದು ನಗುವವರುಂಟು. ಅವರು ಉತ್ತರಮೇರೂರಿನ ಶಾಸನವನ್ನು ನೋಡಲಿ. 10ನೆಯ ಶತಮಾನದಲ್ಲಿ, ಚೋಳ ಪರಾಂತಕನ ಆಳಿಕೆಯಲ್ಲಿ, ಆ ಗ್ರಾಮದ ಮಂಡಳಿಗಳಿಗೆ ಸದಸ್ಯರನ್ನು ಹೀಗೆಯೇ ಆರಿಸುತ್ತಿದ್ದರು. ಭೂಮಿ, ವಯಸ್ಸು, ವಿದ್ಯೆ, ನಡತೆಗಳಲ್ಲಿ ಯೋಗ್ಯರಾದವರ ಹೆಸರುಗಳನ್ನಷ್ಟೇ ಓಲೆಗಳಲ್ಲಿ ಬರೆದು ಕೊಡದೊಳಗೆ ಹಾಕಿ ಬಾಲಕನೊಬ್ಬನಿಂದ ಎತ್ತಿಸುವರು. ಹಿಂದಿನ ಮೂರು ವರ್ಷಗಳಲ್ಲಿ ಮಂಡಳಿಯಲ್ಲಿದ್ದವನಿಗೆ ಅವಕಾಶವಿರಲಿಲ್ಲ. ಲೆಕ್ಕ ಒಪ್ಪಿಸದವನ ಓಲೆಯಂತೂ ಕೊಡದೊಳಗೆ ಬೀಳುತ್ತಲೇ ಇರಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಚೀಟಿ, ಇದು ಜೂಜಲ್ಲ.

ಪ್ರತಿಷ್ಠಾನವು ತನ್ನ ಚಿಕ್ಕ ಅನುದಾನಗಳಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಸಮಾನ ಯೋಗ್ಯತೆಯ ಅರ್ಜಿಗಳೊಳಗೆ ನಾಲ್ಕಾರು ವರ್ಷ ಹೀಗೆ ಹಂಚಿ, ಫಲವನ್ನು ಬಹಿರಂಗವಾಗಿ ಪ್ರಕಟಿಸುವದಕ್ಕೆ ಅಡ್ಡಿಯೇನೂ ತೋರದು.